35 ಪೌಂಡಿನ ಮಾಲೀಕರು

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಷೇರು ಎಲ್ಲಿ ಸಿಗುತ್ತೆ ಎಂದು ಬಳ್ಳಾರಿಯ ಹುಡುಗರು ಕೇಳುತ್ತಿರುತ್ತಾರೆ. ಎಲ್ಲೂ ಸಿಗಲ್ಲ. ಕ್ಲಬ್ಬಿನ ಎಳೆಯ ಆಟಗಾರರು ನಮ್ಮ ತೋರಣಗಲ್ಲಿನ ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಎಂಬ ಕ್ರೀಡಾ ತರಬೇತಿ ಕೇಂದ್ರದಲ್ಲೇ ತಯಾರಾಗುತ್ತಾರೆ ನಿಜ, ಆದರೆ ಕ್ಲಬ್ಬು ಜೆಎಸ್‌ಡಬ್ಲ್ಯು ಸಮೂಹದ್ದು, ಷೇರುಪೇಟೆಯಲ್ಲಿಲ್ಲ. ಆ ಸಮೂಹದ ಸ್ಟೀಲ್ ಕಂಪನಿಯ ಷೇರು ಕೊಂಡವರಿಗೆ ಕೋಚ್ ಬದಲಿಸುವ ವೋಟೇನೂ ಬರಲ್ಲ.

ಷೇರುಪೇಟೆಯಲ್ಲಿರುವ ಕ್ಲಬ್‌ಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ಮ್ಯಾಂಚೆಸ್ಟರ್ ಯುನೈಟೆಡ್ 2012ರ ಆಗಸ್ಟಿನಲ್ಲಿ 14 ಡಾಲರಿಗೆ ನ್ಯೂಯಾರ್ಕ್ ಪೇಟೆಗೆ ಬಂತು. ಸಾರ್ವಜನಿಕರಿಗೆ ಕೊಟ್ಟ ‘ಎ’ ಷೇರಿಗೆ 1 ವೋಟು, ಮಾಲೀಕರು ಇಟ್ಟುಕೊಂಡ ‘ಬಿ’ ಷೇರಿಗೆ 10. ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮುಂಡ್ 2000ದಲ್ಲಿ 11 ಯೂರೋಗೆ ಮಾರಿದ ಷೇರು, 2005ರ ಸಾಲದ ಬಿಕ್ಕಟ್ಟು ದಾಟಿ ಕೆಲ ವರ್ಷಕ್ಕೆ 1 ಯೂರೋಗಿಂತ ಕೆಳಗಿಳಿದಿತ್ತು. ಅಲ್ಲೂ ಆಡಳಿತದ ಕೀಲಿ ಸದಸ್ಯರ ಸಂಘದ ಕೈಯಲ್ಲಿದೆ, ಷೇರುದಾರರ ಕೈಯಲ್ಲಿಲ್ಲ.

ಆದರೂ ಇಂಥ ವಿದೇಶಿ ಷೇರು ಬೇಕು ಅನ್ನುವವರು ಮೊದಲು ಖರ್ಚು ಕೂಡಿಸಿ. ಹಣ ಎಲ್‌ಆರ್‌ಎಸ್ ಮೂಲಕ, ಅಂದರೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆಯಡಿ ಹೋಗಬೇಕು. ಪ್ಯಾನ್ ಬೇಕು, ಬ್ಯಾಂಕಿಗೆ ವಿದೇಶಿ ರವಾನೆಯ ಎ2 ಫಾರ್ಮ್ ಬೇಕು. ಐದು ಸಾವಿರ ರೂಪಾಯಿ ಕಳಿಸಿದರೆ ರವಾನೆ ಶುಲ್ಕ ಮತ್ತು ಡಾಲರ್ ದರದ ವ್ಯತ್ಯಾಸವೇ ಒಂದಷ್ಟನ್ನು ತಿನ್ನುತ್ತೆ. ಒಂದೇ ಷೇರಿದ್ದರೂ ಆದಾಯ ತೆರಿಗೆಯ ಸರಳ ರಿಟರ್ನ್ ಐಟಿಆರ್-1 ನಡೆಯಲ್ಲ. ಐಟಿಆರ್-2ರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎ ತುಂಬಬೇಕು, ಅದೂ ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್ ಲೆಕ್ಕದಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ಕ್ಲಬ್‌ಗಳ ಹೆಸರಲ್ಲಿ ಮಾರುವ ಕ್ರಿಪ್ಟೋ ‘ಫ್ಯಾನ್ ಟೋಕನ್ನಿನ’ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಡೆತನ ಸೊನ್ನೆ, ಲಾಭಕ್ಕೆ 30% ತೆರಿಗೆ, ನಷ್ಟವನ್ನು ಬೇರೆ ಆದಾಯಕ್ಕೆ ವಜಾ ಮಾಡುವಂತಿಲ್ಲ.

ನಿಜವಾದ ಪಾಠ ಇರುವುದು ಸಣ್ಣ ಕ್ಲಬ್ಬುಗಳಲ್ಲಿ. 2007ರಲ್ಲಿ ಇಂಗ್ಲೆಂಡಿನ ಮೈಫುಟ್‌ಬಾಲ್‌ಕ್ಲಬ್ ಎಂಬ ಜಾಲತಾಣ ಸದಸ್ಯರಿಂದ ತಲಾ 35 ಪೌಂಡ್ ಕೂಡಿಸಿತು. 2008ರ ಆರಂಭದಲ್ಲಿ ಎಬ್ಸ್‌ಫ್ಲೀಟ್ ಯುನೈಟೆಡ್ ಎಂಬ ಸಣ್ಣ ಕ್ಲಬ್ಬಿನ 75% ಅದರ ಪಾಲಾಯಿತು. ಮೇ ತಿಂಗಳಲ್ಲಿ ತಂಡ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಕೆಳ ಹಂತದ ಕ್ಲಬ್‌ಗಳ ಎಫ್‌ಎ ಟ್ರೋಫಿಯನ್ನೂ ಗೆದ್ದಿತು. ಸದಸ್ಯರು ಆಗ ಸುಮಾರು 30 ಸಾವಿರ. ಮುಂದಿನ ವರ್ಷದಿಂದ ಬಹುಪಾಲು ಜನ 35 ಪೌಂಡ್ ಮತ್ತೆ ಕಟ್ಟಲಿಲ್ಲ. ಆಟಗಾರರ ಸಂಬಳ ನಿಂತಿದ್ದದ್ದು ಅದೇ ಹಣದ ಮೇಲೆ! 2013ರಲ್ಲಿ ಉಳಿದ ಸದಸ್ಯರೇ ಮತ ಹಾಕಿ ಕ್ಲಬ್ಬನ್ನು ಬಿಟ್ಟುಕೊಟ್ಟರು. ಲಂಡನ್ನಿನ ಕ್ಲಬ್ ಎಎಫ್‌ಸಿ ವಿಂಬಲ್ಡನ್ ಬೇರೆ ದಾರಿ ಹಿಡಿಯಿತು. ಒಡೆತನದ ಬಹುಪಾಲು ಅಭಿಮಾನಿಗಳ ಟ್ರಸ್ಟಿನಲ್ಲೇ ಉಳಿಯಿತು, 2020ರಲ್ಲಿ ತೆರೆದ ಪ್ಲೌ ಲೇನ್ ಮೈದಾನಕ್ಕೆ ಕಡಿಮೆಬಿದ್ದ ಹಣದಲ್ಲಿ ಒಂದಷ್ಟನ್ನು ಅಭಿಮಾನಿಗಳಿಂದಲೇ ಬಾಂಡ್ ಮೂಲಕ ಸಾಲವಾಗಿ ಪಡೆದರು. ಸಾಲ ಕಟ್ಟಡಕ್ಕೆ, ಸಂಬಳ ಟಿಕೆಟ್ ಮತ್ತು ಪ್ರಾಯೋಜಕರಿಂದ. ಈ ಗೆರೆ ಅಳಿಸಿದ ಕಡೆಯೆಲ್ಲ ಕ್ಲಬ್ ಮುಳುಗುತ್ತೆ ಅನ್ನುವುದು ನಮ್ಮ ಅಭಿಪ್ರಾಯ.

ಈಗ ಬಳ್ಳಾರಿಯಲ್ಲಿ ಒಂದು ತಂಡಕ್ಕೆ ಹಣ ಕೂಡಿಸುತ್ತೀರಿ ಎನ್ನಿ. ವಾಟ್ಸಾಪಿನಲ್ಲಿ ‘ಷೇರು ಕೊಡ್ತೀವಿ’ ಎಂದು ಬರೆಯಬೇಡಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾರ್ವಜನಿಕರಿಗೆ ಷೇರು ಮಾರುವಂತಿಲ್ಲ, ಸದಸ್ಯರ ಮಿತಿಯೂ 200. ‘ವರ್ಷಕ್ಕೆ ಇಷ್ಟು ವಾಪಸ್’ ಎಂದು ಠೇವಣಿ ಪಡೆದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಕುತ್ತಿಗೆಗೆ ಬರುತ್ತೆ. ಸುಲಭದ ದಾರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ: ಕನಿಷ್ಠ 7 ಜನ, ಬೈಲಾ, ವಿಳಾಸದ ದಾಖಲೆ, ವರ್ಷಕ್ಕೊಮ್ಮೆ ಸಭೆ, ಲೆಕ್ಕಪತ್ರ ಸಲ್ಲಿಕೆ. ಲಾಭ ಹಂಚುವಂತಿಲ್ಲ, ಹಾಗಾಗಿ ಕೊಡುವವರಿಗೆ ಇದು ವಂತಿಗೆ ಅಂತ ಮೊದಲೇ ಬಾಯಿಬಿಟ್ಟು ಹೇಳಿ.

300 ಸದಸ್ಯರು ತಲಾ 500 ಕೊಟ್ಟರೆ ಒಂದೂವರೆ ಲಕ್ಷ. ಬಜೆಟ್ಟನ್ನು ಮಾತ್ರ 75 ಸಾವಿರಕ್ಕೇ ಬರೆಯಿರಿ. ಎರಡನೇ ವರ್ಷ ಅರ್ಧ ಜನ ಬರಲಿಲ್ಲ ಎಂದುಕೊಂಡೇ ರೆಫರಿ, ಚೆಂಡು, ಬಸ್ ಖರ್ಚು ಹೊಂದಿಸಿ. ಖಜಾಂಚಿಯ ಸ್ವಂತ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯೂ ಹೋಗಬಾರದು. ಸಂಘದ ಖಾತೆ, ಇಬ್ಬರ ಸಹಿ. ಮೈದಾನದ ಅನುಮತಿ ಕಾಗದದಲ್ಲಿರಲಿ, ಅದೂ ಅಧ್ಯಕ್ಷರ ಹೆಸರಿಗಲ್ಲ, ಸಂಘದ ಹೆಸರಿಗೆ. ತಂಡ ಒಡೆದಾಗ ಜೆರ್ಸಿ, ಗೋಲ್ ಬಲೆ, ಬ್ಯಾಂಕಿನ ಬಾಕಿ ಯಾರಿಗೆ ಅನ್ನುವ ಜಗಳ ಖಾಯಂ. ವಿಸರ್ಜನೆಯಾದರೆ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಘಕ್ಕೆ ಎಂಬ ಸಾಲನ್ನು ಬೈಲಾದಲ್ಲಿ ನೋಂದಣಿಗೆ ಮುಂಚೆಯೇ ಸೇರಿಸಿ.