ಕೀಬೋರ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್: ಎಡಗೈಯ ಕೆಲಸ

ಕೀಬೋರ್ಡಿನಲ್ಲಿ ಡಿಸ್ಟಾರ್ಷನ್ (ನಾದವನ್ನು ಒಡೆದು ಒರಟಾಗಿಸುವ) ಗಿಟಾರ್ ಟೋನನ್ನು ಆರಿಸಿಕೊಂಡು, ಪಿಯಾನೋ ನುಡಿಸುವಂತೆ ಎರಡೂ ಕೈಗಳಿಂದ ನುಡಿಸಿದರೆ, ಸಿಟ್ಟಿಗೆದ್ದ ಹಾರ್ಮೋನಿಯಂ ಕೇಳಿದಂತಾಗುತ್ತದೆ. ಇದಕ್ಕೆ ಟೋನನ್ನು ದೂರುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ, ಸೋಲೋ ನುಡಿಸುವಾಗ ಎಡಗೈ ಕೀಗಳನ್ನು ಬಿಟ್ಟು, ಸ್ವರವನ್ನು ಏರಿಸಿ ಇಳಿಸುವ ಪಿಚ್ ಬೆಂಡ್ ಚಕ್ರದ ಮೇಲೆಯೇ ಇರಬೇಕು.

ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಬಿಗಿತ ಹೆಚ್ಚಾಗಿ ಸ್ವರ ಏರುತ್ತದೆ. ಹಾಗಾಗಿ ಮುಟ್ಟಬೇಕಾದ ಸ್ವರಕ್ಕಿಂತ ಎರಡು ಸೆಮಿಟೋನ್ (ಕಪ್ಪು ಕೀಗಳನ್ನೂ ಸೇರಿಸಿ ಎಣಿಸಿದರೆ ಎರಡು ಕೀ) ಕೆಳಗಿನ ಕೀಯನ್ನು ಒತ್ತಿ, ಚಕ್ರವನ್ನು ನಿಧಾನವಾಗಿ ಮುಂದಕ್ಕೆ ತಳ್ಳಿ ಆ ಸ್ವರವನ್ನು ತಲುಪಬೇಕು. ಹೆಚ್ಚಿನ ಕೀಬೋರ್ಡುಗಳಲ್ಲಿ ಚಕ್ರದ ವ್ಯಾಪ್ತಿ ಮೊದಲೇ ಎರಡು ಸೆಮಿಟೋನಿಗೆ ಹೊಂದಿಸಿರುವುದರಿಂದ ಇದಕ್ಕೆ ಬೇರೆ ಸಿದ್ಧತೆ ಬೇಕಿಲ್ಲ. ಸ್ವರವನ್ನು ತಾನಾಗಿಯೇ ನಡುಗಿಸುವ ಮಾಡ್ಯುಲೇಷನ್ ಚಕ್ರದ ಕಂಪನ ಕೃತಕವೆನಿಸುವುದಕ್ಕೂ ಕಾರಣ ಇಲ್ಲೇ ಇದೆ. ಅದು ಸ್ವರದ ಮೇಲಕ್ಕೂ ಕೆಳಕ್ಕೂ ಸಮನಾಗಿ ಓಲಾಡುತ್ತದೆ. ತಂತಿ ಎಳೆದು ಮಾಡುವ ವೈಬ್ರಾಟೊ (ಸ್ವರದ ಓಲಾಟ) ಸ್ವರದಿಂದ ಮೇಲಕ್ಕೆ ಹೋಗಿ ಮತ್ತೆ ಸ್ವರಕ್ಕೇ ಇಳಿಯುತ್ತದೆ, ಅದೂ ಸ್ವರ ಒಂದಿಷ್ಟು ಹೊತ್ತು ನಿಂತ ಮೇಲೆ. ಮೊದಲೇ ಎಳೆದು ಏರಿಸಿದ ಸ್ವರವಾದರೆ ಓಲಾಟ ಗುರಿಯಿಂದ ಕೆಳಕ್ಕೆ ನಡೆಯುತ್ತದೆ. ಇವೆರಡನ್ನೂ ಚಕ್ರವನ್ನು ಕೈಯಿಂದಲೇ ಅಲುಗಿಸಿ ಸಾಧಿಸಬಹುದು. 1970ರ ದಶಕದಲ್ಲಿ ಗಿಟಾರ್ ವಾದಕ ಜೆಫ್ ಬೆಕ್ ಜೊತೆ ನುಡಿಸಿದ ಯಾನ್ ಹ್ಯಾಮರ್, ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸಬಲ್ಲ ಮಿನಿಮೂಗ್ ಸಿಂಥಸೈಜರಿನಲ್ಲಿ ಈ ಕಲೆಯನ್ನು ಎಷ್ಟು ಪಳಗಿಸಿಕೊಂಡಿದ್ದರೆಂದರೆ, ಎಲ್ಲಿ ಗಿಟಾರ್ ನಿಂತು ಎಲ್ಲಿ ಸಿಂಥ್ ಶುರುವಾಯಿತೆಂದು ಗುರುತಿಸಲು ಕಿವಿಗೊಟ್ಟು ಕೇಳಬೇಕು.

ಆ ಒಂದೇ ಸ್ವರದ ಮಿತಿ ಇಲ್ಲಿ ವರವೇ ಸರಿ. ಮೊನೊ (ಒಂದು ಸಲಕ್ಕೆ ಒಂದೇ ಸ್ವರ) ಮತ್ತು ಲೆಗಾಟೊ (ಸ್ವರಗಳನ್ನು ಕಡಿಯದೆ ಜೋಡಿಸುವ) ಆಯ್ಕೆಗಳನ್ನು ಹಾಕಿಕೊಂಡು, ಒಂದು ಕೀಯನ್ನು ಬಿಡುವ ಮೊದಲೇ ಇನ್ನೊಂದನ್ನು ಒತ್ತಿದರೆ, ಎರಡನೆಯ ಸ್ವರ ಹೊಸ ಮೀಟಿಲ್ಲದೆ ಹೊರಟು, ತಂತಿಗೆ ಬೆರಳು ಬಡಿದೇ ಸ್ವರ ಹೊರಡಿಸುವ ಗಿಟಾರಿನ ಹ್ಯಾಮರ್-ಆನ್‌ನಂತೆ ಕೇಳಿಸುತ್ತದೆ.

ಕಾರ್ಡ್ (ಒಟ್ಟಿಗೆ ಹೊರಡುವ ಹಲವು ಸ್ವರಗಳು) ನುಡಿಸುವುದಾದರೆ ಮೊನೊ ತೆಗೆಯಲೇಬೇಕು, ಆದರೆ ಡಿಸ್ಟಾರ್ಷನ್ ಇರುವಾಗ ಗಾಂಧಾರವನ್ನು ಬಿಟ್ಟುಬಿಡುವುದು ಒಳ್ಳೆಯದು. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುವ ಕೀಬೋರ್ಡಿನ ಸಮಶ್ರುತಿಯಲ್ಲಿ ಅಂತರ ಗಾಂಧಾರವು ಶುದ್ಧ ಅನುಪಾತಕ್ಕಿಂತ ಸುಮಾರು 14 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗವೇ ಒಂದು ಸೆಂಟ್) ಮೇಲಿರುತ್ತದೆ. ಡಿಸ್ಟಾರ್ಷನ್ ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳನ್ನೂ ಹುಟ್ಟಿಸುವುದರಿಂದ, ಆ ಸಣ್ಣ ಅಂತರವೇ ನಾದವನ್ನು ಕಲಕಿಬಿಡುತ್ತದೆ. ಪಂಚಮದ ವ್ಯತ್ಯಾಸ ಕೇವಲ 2 ಸೆಂಟ್. ರಾಕ್ ಗಿಟಾರ್ ವಾದಕರು ಷಡ್ಜ, ಪಂಚಮ, ಮೇಲಿನ ಷಡ್ಜಗಳಷ್ಟೇ ಇರುವ ಪವರ್ ಕಾರ್ಡನ್ನು ನೆಚ್ಚಿಕೊಳ್ಳುವುದು ಇದಕ್ಕೇ.

ಟೋನನ್ನು ತಿದ್ದುವ ಮಾತು ಬರುವುದು ಇದೆಲ್ಲ ಕೈಗೆ ಹತ್ತಿದ ಮೇಲೆ. ಗಿಟಾರ್ ಆಂಪ್‌ನ ಸ್ಪೀಕರು ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆ ಸ್ಪೀಕರನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಇದ್ದರೆ ಅದನ್ನು ಹಾಕಿ, ಇಲ್ಲವಾದರೆ ಈಕ್ವಲೈಜರಿನಲ್ಲಿ ಆ ಭಾಗವನ್ನು ಇಳಿಸಿದರೆ ಕರಕರ ಸದ್ದು ಅಡಗುತ್ತದೆ.