ಮೈಕು ಕಾಣಿಸದ ಸಿನಿಮಾ

ಲಾಸ್ ಏಂಜಲೀಸ್‌ನಲ್ಲಿ ಡಿಸ್ನಿಲ್ಯಾಂಡ್ ನೋಡಿದೆವು, ಯೂನಿವರ್ಸಲ್ ಸ್ಟುಡಿಯೋ ನೋಡಿದೆವು, ಸಾಂಟಾ ಮೋನಿಕಾದಲ್ಲಿ ಎಲ್ಲರ ಹಾಗೇ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡೆವು. ಅದರ ಬಗ್ಗೆ ಬರೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಹಾಲಿವುಡ್ ವಾಕ್ ಆಫ್ ಫೇಮ್ ಬಗ್ಗೆ ಮಾತ್ರ ಒಂದು ಮಾತು: ಹೋಗಬೇಡಿ. ಫುಟ್‌ಪಾತ್ ಮೇಲೆ ಹೆಸರು ಕೆತ್ತಿದ್ದಾರೆ, ಜನ ಅದನ್ನು ತುಳಿದುಕೊಂಡು ಓಡಾಡುತ್ತಾರೆ, ಸ್ಪೈಡರ್‌ಮ್ಯಾನ್ ವೇಷದವನೊಬ್ಬ ಪಕ್ಕದಲ್ಲಿ ನಿಂತು ಆಮೇಲೆ ದುಡ್ಡು ಕೇಳುತ್ತಾನೆ. ಅಷ್ಟೇ.

ನಾನು ಹೇಳಬೇಕಾಗಿರೋದು ಸೆಂಟ್ರಲ್ ಅವೆನ್ಯೂ ಬಗ್ಗೆ. ಅಲ್ಲಿಗೆ ಹೋಗ್ತೀನಿ ಅಂದಾಗ ಅರ್ವೈನ್‌ನಲ್ಲಿರುವ ನನ್ನ ನಾದಿನಿ ಗಾಬರಿಯಾದಳು. "ಅತ್ತಿಗೆ, ಅಲ್ಲಿ ಏನಿದೆ ಅಂತ ಹೋಗ್ತೀರಾ? ಇಷ್ಟು ವರ್ಷ ಇಲ್ಲೇ ಇದ್ದು ನಾವೇ ಒಂದು ದಿನ ಹೋಗಿಲ್ಲ." ಅಲ್ಲಿ ಒಂದು ಹಳೆ ಹೋಟೆಲ್ ಕಟ್ಟಡ ಇದೆ, ಅದರಲ್ಲಿ ಐವತ್ತು ವರ್ಷದ ಹಿಂದೆ ಒಂದು ಭಯಂಕರ ಕೆಟ್ಟ ಸಿನಿಮಾ ತೆಗೆದರು, ಅದನ್ನು ನೋಡಬೇಕು ಅಂದರೆ ಯಾರು ತಾನೇ ಒಪ್ಪುತ್ತಾರೆ? ನಮ್ಮ ಮನೆಯವರು ಮಕ್ಕಳನ್ನು ಕರೆದುಕೊಂಡು ಔಟ್‌ಲೆಟ್ ಮಾಲ್‌ಗೆ ಹೋದರು. ಒಳ್ಳೇದೇ ಆಯಿತು.

ಈ ಹುಚ್ಚು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ನಾನು ಕರಾಟೆ ಕ್ಲಾಸಿಗೆ ಹೋಗುತ್ತಿದ್ದಾಗ ಗೋಡೆ ಮೇಲೆ 'ಎಂಟರ್ ದಿ ಡ್ರ್ಯಾಗನ್' ಪೋಸ್ಟರ್ ಇತ್ತು. ಬ್ರೂಸ್ ಲೀ ಯಾರಿಗೆ ಗೊತ್ತಿಲ್ಲ? ಆದರೆ ಅದೇ ಸಿನಿಮಾದಲ್ಲಿ ಇನ್ನೊಬ್ಬ ಇದ್ದ. ಎತ್ತರದ ಆಳು, ತಲೆ ತುಂಬ ಗುಂಗುರು ಕೂದಲು, ನಡಿಗೆಯಲ್ಲೇ ಒಂದು ಠೀವಿ. ಜಿಮ್ ಕೆಲ್ಲಿ. ಆ ಪಾತ್ರ ಮೊದಲು ಬೇರೆಯವರಿಗೆ ಹೋಗಿತ್ತು, ಅವರು ಕೊನೇ ಗಳಿಗೆಯಲ್ಲಿ ಬಿಟ್ಟಿದ್ದಕ್ಕೆ ಇವನಿಗೆ ಸಿಕ್ಕಿತು. ಅವನು ನಿಜವಾದ ಕರಾಟೆ ಪಟು, 1971ರಲ್ಲಿ ಲಾಂಗ್ ಬೀಚ್ ಅಂತರರಾಷ್ಟ್ರೀಯ ಪಂದ್ಯದಲ್ಲಿ ಗೆದ್ದವನು. 1973ರಲ್ಲಿ ಸಿನಿಮಾ ಬಂತು, 1974ರಲ್ಲಿ ಅವನನ್ನೇ ಹೀರೋ ಮಾಡಿ 'ಬ್ಲ್ಯಾಕ್ ಬೆಲ್ಟ್ ಜೋನ್ಸ್' ಬಂತು. ಆ ಹೊತ್ತಿಗೆ ಅಮೆರಿಕದಲ್ಲಿ ಎರಡು ಅಲೆ ಒಟ್ಟಿಗೆ ಎದ್ದಿದ್ದವು. ಒಂದು, ಕಪ್ಪು ಜನರನ್ನೇ ಹೀರೋ ಮಾಡಿ, ಅವರ ಟಿಕೆಟ್ ದುಡ್ಡಿನ ಮೇಲೇ ಕಣ್ಣಿಟ್ಟು ತೆಗೆಯುತ್ತಿದ್ದ ಅಗ್ಗದ ಸಿನಿಮಾಗಳು, ಅಂದರೆ ಬ್ಲ್ಯಾಕ್ಸ್‌ಪ್ಲಾಯ್ಟೇಶನ್. ಇನ್ನೊಂದು, ಹಾಂಗ್‌ಕಾಂಗ್‌ನಿಂದ ಬರುತ್ತಿದ್ದ ಕುಂಗ್‌ಫೂ. ಎರಡೂ ಓಡುತ್ತಿದ್ದದ್ದು ಊರಿನ ನಡುವಿನ ಅವೇ ಹಳೇ ಥಿಯೇಟರ್‌ಗಳಲ್ಲಿ, ಎಷ್ಟೋ ಸಲ ಒಂದೇ ಟಿಕೆಟ್ಟಿಗೆ ಎರಡೂ. ಎರಡನ್ನೂ ಕಲಸಿಬಿಡೋಣ ಅಂತ ನಿರ್ಮಾಪಕರಿಗೆ ಹೊಳೆಯೋಕೆ ತಡ ಆಗಲಿಲ್ಲ.

'ಬ್ಲ್ಯಾಕ್ ಬೆಲ್ಟ್ ಜೋನ್ಸ್' ಅನ್ನು ದೊಡ್ಡ ಪರದೆ ಮೇಲೆ ನೋಡಿದ್ದು ಬೆವರ್ಲಿ ಬುಲೆವಾರ್ಡ್‌ನ ನ್ಯೂ ಬೆವರ್ಲಿ ಥಿಯೇಟರ್‌ನಲ್ಲಿ. ಹಾಲಿವುಡ್ ನಿರ್ದೇಶಕ ಕ್ವೆಂಟಿನ್ ಟರಾಂಟಿನೊ ಕೊಂಡುಕೊಂಡ ಥಿಯೇಟರ್ ಅದು. ಡಿಜಿಟಲ್ ಇಲ್ಲ, ಬರೀ ರೀಲು. ಟಿಕೆಟ್ಟಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಒಂದು ಮರುಮಾರಾಟದ ಜಾಲತಾಣ ದುಪ್ಪಟ್ಟು ದುಡ್ಡು ತೆಗೆದುಕೊಂಡು, 'ನಿಮ್ಮ ಟಿಕೆಟ್ ಬರುತ್ತಿದೆ' ಅಂತ ಮೇಲ್ ಮೇಲೆ ಮೇಲ್ ಕಳಿಸಿ, ಶೋ ಶುರುವಾಗುವವರೆಗೂ ಟಿಕೆಟ್ಟೇ ಕಳಿಸಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಫೋನ್ ನೋಡಿ, ಅವರಿಗೂ ನಮಗೂ ಸಂಬಂಧವೇ ಇಲ್ಲ ಅಂತ ಪಾಪ ಅನ್ನುವ ಮುಖ ಮಾಡಿದಳು. ಬಾಗಿಲಲ್ಲಿ ಇನ್ನೊಂದು ಟಿಕೆಟ್ ಕೊಂಡೆ. ಹಳೆ ಸಿನಿಮಾ ನೋಡೋಕೆ ಹೋಗುವವರು ಥಿಯೇಟರಿನ ಸ್ವಂತ ಜಾಲತಾಣದಲ್ಲೇ ಕೊಳ್ಳಿ, ಇಲ್ಲ ಸುಮ್ನೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಸಿನಿಮಾ ಮಾತ್ರ ಪೈಸಾ ವಸೂಲ್. ಕಥೆ ಏನು ಗೊತ್ತಾ? ಊರಲ್ಲಿ ಒಂದು ಸರ್ಕಾರಿ ಕಟ್ಟಡ ಬರುತ್ತೆ, ಆ ಜಾಗದಲ್ಲಿ ಒಬ್ಬ ಮುದುಕನ ಕರಾಟೆ ಶಾಲೆ ಇದೆ, ಮಾಫಿಯಾಗೆ ಆ ಸೈಟು ಬೇಕು. ಬೆಂಗಳೂರಿನಲ್ಲಿ ಒಂದು ಸೈಟು ಇರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದುಕ ಸಾಯುತ್ತಾನೆ, ಮಗಳು ಸಿಡ್ನಿ ಬರುತ್ತಾಳೆ. ಆ ಪಾತ್ರದಲ್ಲಿ ಗ್ಲೋರಿಯಾ ಹೆಂಡ್ರಿ. ಹೀರೋ ಅವಳಿಗೆ ನೀನು ಪಾತ್ರೆ ತೊಳಿ ಅಂತ ಹೇಳಿ ಹೊರಡುತ್ತಾನೆ. ಅವಳು ಪಿಸ್ತೂಲು ತೆಗೆದು ಪಾತ್ರೆಗಳಿಗೆಲ್ಲ ಗುಂಡು ಹೊಡೆದು, ಆಯ್ತು ಬಾ ಅಂತಾಳೆ. ನಾನು ಸೀಟಿಂದ ಎದ್ದು ಶಿಳ್ಳೆ ಹಾಕೋದೊಂದು ಬಾಕಿ. ಕೊನೆ ಹೊಡೆದಾಟ ಕಾರ್ ತೊಳೆಯುವ ಜಾಗದಲ್ಲಿ, ಸೊಂಟದವರೆಗೂ ಸೋಪಿನ ನೊರೆ. ಖಳರು ನೊರೆಯೊಳಗೆ ಮುಳುಗುತ್ತಾರೆ, ಏಳುತ್ತಾರೆ, ಮತ್ತೆ ಒದೆ ತಿನ್ನುತ್ತಾರೆ.

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಬಹಳಷ್ಟು ಜನ ಇಪ್ಪತ್ತು ಮೂವತ್ತರ ವಯಸ್ಸಿನವರು, ಮತ್ತು ಎಲ್ಲದಕ್ಕೂ ನಗುತ್ತಿದ್ದರು. ಒದೆಗೂ ನಗು, ಬಟ್ಟೆಗೂ ನಗು, ಅಪ್ಪ ಸತ್ತಾಗಲೂ ನಗು. ಸ್ವಲ್ಪ ಕಿರಿಕಿರಿ ಆಯಿತು. ಯಾಕೆ ಅಂತ ಆವಾಗ ಗೊತ್ತಾಗಲಿಲ್ಲ.

ಮಾರನೇ ದಿನ ಡೌನ್‌ಟೌನ್‌ನಿಂದ ಮೆಟ್ರೋ 'ಎ' ಲೈನ್ ಹಿಡಿದು ವರ್ನನ್ ಸ್ಟೇಷನ್‌ನಲ್ಲಿ ಇಳಿದು ಸೆಂಟ್ರಲ್ ಅವೆನ್ಯೂವರೆಗೆ ನಡೆದೆ. ಒಂದು ಕಾಲಕ್ಕೆ ಇದು ಕಪ್ಪು ಜನರ ಬೀದಿ, ಜಾಝ್ ಸಂಗೀತದ ಬೀದಿ. ಈಗ ಬೋರ್ಡುಗಳೆಲ್ಲ ಜಾಸ್ತಿ ಸ್ಪ್ಯಾನಿಷ್‌ನಲ್ಲಿವೆ. ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಪುಪೂಸಾ ಬೇಯಿಸುತ್ತಿದ್ದರು. ನಮ್ಮ ಹೋಳಿಗೆ ಹಾಗೆ ಒಳಗೆ ತುಂಬಿ ತಟ್ಟುವ ಮೆಕ್ಕೆಜೋಳದ ರೊಟ್ಟಿ, ಹೂರಣದ ಬದಲು ಹುರುಳಿಕಾಯಿಯ ಬೀಜ ಮತ್ತು ಚೀಸ್. ಇಡೀ ಪ್ರವಾಸದಲ್ಲಿ ನಾನು ತಿಂದ ಒಳ್ಳೆ ಊಟ ಅದೇ.

ಡನ್ಬಾರ್ ಹೋಟೆಲ್ ಸಿಕ್ಕಿತು. ಡಾ. ಜಾನ್ ಸೋಮರ್‌ವಿಲ್ ಮತ್ತು ವೇಡಾ ಸೋಮರ್‌ವಿಲ್ ಅನ್ನುವ ಕಪ್ಪು ದಂತವೈದ್ಯ ದಂಪತಿ 1928ರಲ್ಲಿ ಕಟ್ಟಿಸಿದ್ದು. ಬಿಳಿಯರ ಹೋಟೆಲ್‌ಗಳಲ್ಲಿ ಕಪ್ಪು ಜನರಿಗೆ ರೂಮ್ ಕೊಡುತ್ತಿರಲಿಲ್ಲ, ಡ್ಯೂಕ್ ಎಲಿಂಗ್ಟನ್‌ನಂಥ ದೊಡ್ಡ ಜಾಝ್ ಸಂಗೀತಗಾರರೂ ಇಲ್ಲೇ ಇಳಿಯಬೇಕಿತ್ತು. ಆಮೇಲೆ ಎಲ್ಲ ಹೋಟೆಲ್‌ಗಳ ಬಾಗಿಲು ತೆರೆಯಿತು, ಇದಕ್ಕೆ ಗಿರಾಕಿ ಕಡಿಮೆಯಾಗಿ 1974ರಲ್ಲಿ ಮುಚ್ಚಿತು. ಹಾಳು ಬಿದ್ದಿದ್ದ ಇದೇ ಕಟ್ಟಡದಲ್ಲಿ ರೂಡಿ ರೇ ಮೂರ್ ಅನ್ನುವ ಹಾಸ್ಯಗಾರ, ಪೋಲಿ ಜೋಕಿನ ರೆಕಾರ್ಡುಗಳಿಂದ ಬಂದ ಸ್ವಂತ ದುಡ್ಡು ಸುರಿದು 'ಡಾಲಮೈಟ್' ತೆಗೆದ. ಕ್ಯಾಮೆರಾ ಹಿಡಿದವರಲ್ಲಿ ಬಹಳಷ್ಟು ಜನ ಸಿನಿಮಾ ಓದುತ್ತಿದ್ದ ವಿದ್ಯಾರ್ಥಿಗಳು. ಮೂರ್‌ಗೆ ಕುಂಗ್‌ಫೂ ಬರಲ್ಲ. ಒದೆ ಗಾಳಿಗೆ ಹೋಗುತ್ತೆ, ಎದುರಿನವನು ಪಾಪ ಬೀಳುತ್ತಾನೆ. ಎಲ್ಲಕ್ಕಿಂತ ಹೆಸರುವಾಸಿ ಎಂದರೆ ಮಾತು ಹಿಡಿಯೋಕೆ ನಟರ ತಲೆ ಮೇಲೆ ಹಿಡಿದ ಮೈಕು ಚಿತ್ರದ ಮೇಲ್ಭಾಗದಲ್ಲಿ ಮತ್ತೆ ಮತ್ತೆ ಇಳಿದು ಕಾಣಿಸೋದು.

ಈಗ ಅದು ವಯಸ್ಸಾದವರಿಗೆ ಕಡಿಮೆ ಬಾಡಿಗೆಯ ಮನೆಗಳು. ನಾನು ಹೊರಗೆ ನಿಂತು ಫೋಟೋ ತೆಗೆಯುತ್ತಿದ್ದಾಗ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದ ಹಿರಿಯರೊಬ್ಬರು ಕೇಳಿದರು, "ಎಲಿಂಗ್ಟನ್‌ಗೆ ಬಂದ್ಯಾ ತಾಯಿ?" ಇಲ್ಲಿಗೆ ಬರುವವರೆಲ್ಲ ಜಾಝ್‌ಗೆ ಬರುತ್ತಾರಂತೆ.

"ಇಲ್ಲ, ಡಾಲಮೈಟ್‌ಗೆ" ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಜೋರಾಗಿ ನಕ್ಕು, ಆ ಸಿನಿಮಾದ ಎರಡು ಸಾಲು ಹೇಳಿದರು. ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಹೆಣ್ಣುಮಗಳ ಮುಂದೆ ಹೇಳಿಬಿಟ್ಟೆ ಅಂತ ಕ್ಷಮೆ ಕೇಳಿದರು. ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದರು. ಅಲ್ಲಿಗೆ ನನ್ನ ಆವತ್ತಿನ ಬಾಕಿ ಯೋಜನೆ ಎಲ್ಲ ಮುಗಿಯಿತು.

ಆ ಸಿನಿಮಾಗಳು ಬಂದಾಗ ಅವರಿಗೆ ಹದಿನಾಲ್ಕೋ ಹದಿನೈದೋ. ನಾನು ಬುದ್ಧಿವಂತಿಕೆ ತೋರಿಸೋಕೆ ಮೈಕಿನ ವಿಷಯ ಎತ್ತಿದೆ. ಅವರು ತಲೆ ಅಲ್ಲಾಡಿಸಿದರು. "ನಾವು ಯಾವ ಮೈಕೂ ನೋಡಲಿಲ್ಲ. ಅದು ನಿಮ್ಮ ವಿಡಿಯೋದ್ದು."

ಆಮೇಲೆ ಬಿಡಿಸಿ ಹೇಳಿದರು. ಕ್ಯಾಮೆರಾ ರೀಲಿನ ಮೇಲೆ ಹಿಡಿಯುವ ಚಿತ್ರ ಎತ್ತರವಾಗಿರುತ್ತೆ. ಥಿಯೇಟರ್‌ನಲ್ಲಿ ಪ್ರೊಜೆಕ್ಟರ್ ಒಳಗೆ ಒಂದು ತಗಡಿನ ಕಿಂಡಿ ಇಟ್ಟು ಮೇಲೆ ಕೆಳಗೆ ಮುಚ್ಚುತ್ತಾರೆ, ಪರದೆ ಮೇಲೆ ಅಗಲದ ಚಿತ್ರ ಬೀಳುತ್ತೆ. ಮೈಕು ಇದ್ದದ್ದು ಆ ಮುಚ್ಚುವ ಭಾಗದಲ್ಲಿ. ವಿಡಿಯೋ ಮಾಡಿದವರು ಮುಚ್ಚದೆ ಇಡೀ ಚಿತ್ರ ತೆರೆದಿಟ್ಟರು. ಅಂದರೆ ನಾವೆಲ್ಲ ವರ್ಷಗಟ್ಟಲೆ ನಕ್ಕಿದ್ದು ಆ ಸಿನಿಮಾ ಯಾರಿಗಾಗಿ ತೆಗೆದರೋ ಅವರು ನೋಡೇ ಇಲ್ಲದ ಒಂದು ತಪ್ಪಿಗೆ!

"ಒದೆ ತಗಲುತ್ತಿರಲಿಲ್ಲ, ಅದು ಕಾಣ್ತಿತ್ತು" ಅಂದರು ಅವರು. "ನಾವೇನು ಕುರುಡರಾ? ಆದರೆ ಅವನು ನಮ್ಮ ಚಿಕ್ಕಪ್ಪನ ಥರ ಇದ್ದ. ಹೊಟ್ಟೆ ಬಂದಿತ್ತು. ಅಂಥವನು ಒದೀತಾನೆ ಅಂದ್ರೆ ನೋಡೋಕೆ ಖುಷಿ."

ಜಿಮ್ ಕೆಲ್ಲಿ ವಿಷಯ ಬಂದಾಗ ಅವರ ದನಿಯೇ ಬದಲಾಯಿತು. 'ಎಂಟರ್ ದಿ ಡ್ರ್ಯಾಗನ್'ನಲ್ಲಿ ಒಂದು ಹಿನ್ನೋಟ ಇದೆ: ಇಬ್ಬರು ಬಿಳಿ ಪೊಲೀಸರು ಕೆಲ್ಲಿಯನ್ನು ಸುಮ್ಮಸುಮ್ಮನೆ ತಡೆಯುತ್ತಾರೆ, ಅವನು ಅವರನ್ನು ಹೊಡೆದು ಅವರದೇ ಕಾರು ತೆಗೆದುಕೊಂಡು ಹೋಗುತ್ತಾನೆ. ತುಂಬ ಚಿಕ್ಕ ದೃಶ್ಯ. ದಾವಣಗೆರೆಯಲ್ಲಿ ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಇವರ ಥಿಯೇಟರ್‌ನಲ್ಲಿ ಜನ ಎದ್ದು ನಿಂತರಂತೆ, ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲವಂತೆ. "ಈ ಊರಿನ ವಾಟ್ಸ್ ಬಡಾವಣೆಯಲ್ಲಿ ಗಲಭೆ ಆಗಿದ್ದು 65ರಲ್ಲಿ. ಅದೂ ಶುರುವಾಗಿದ್ದು ಪೊಲೀಸರು ಒಂದು ಕಾರು ತಡೆದಿದ್ದರಿಂದಲೇ." ಆಮೇಲೆ ಕೆಲ್ಲಿಯನ್ನು ಅರ್ಧ ಸಿನಿಮಾದಲ್ಲೇ ಸಾಯಿಸಿಬಿಡುತ್ತಾರಲ್ಲ, ಅದಕ್ಕೆ ಇವರ ಗುಂಪಿಗೆ ಎಷ್ಟು ಸಿಟ್ಟು ಬಂತು ಅಂದರೆ ಮಾರನೇ ದಿನ ಮತ್ತೆ ಹೋದರಂತೆ. "ಈ ಸಲ ಸಾಯಲ್ವೇನೋ ಅಂತ."

ನಾನು 'ಥ್ರೀ ದಿ ಹಾರ್ಡ್ ವೇ' ಕಥೆ ಹೇಳಿ ನಕ್ಕೆ. ಅದೂ 1974ರದ್ದೇ. ಕುಡಿಯುವ ನೀರಿಗೆ ಕಪ್ಪು ಜನರನ್ನು ಮಾತ್ರ ಕೊಲ್ಲುವ ವಿಷ ಹಾಕುವ ಸಂಚು, ಅದನ್ನು ತಡೆಯುವ ಮೂವರಲ್ಲಿ ಒಬ್ಬ ಕೆಲ್ಲಿ. ಅವರು ನಗಲಿಲ್ಲ. "72ರಲ್ಲಿ ಟಸ್ಕೀಗಿ ವಿಷಯ ಪೇಪರ್‌ನಲ್ಲಿ ಬಂತು, ಗೊತ್ತಾ ನಿಂಗೆ?" ಗೊತ್ತಿತ್ತು. ಅಲಬಾಮಾದಲ್ಲಿ ನೂರಾರು ಕಪ್ಪು ಗಂಡಸರಿಗೆ ಸಿಫಿಲಿಸ್ ಇದ್ದರೂ ಸರ್ಕಾರದ ವೈದ್ಯರು 40 ವರ್ಷ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡುತ್ತಾ ಕೂತಿದ್ದರು. ಆದರೆ ಅದನ್ನೂ ಈ ಸಿನಿಮಾವನ್ನೂ ನಾನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. "ನಮ್ಮಮ್ಮ ಆ ಪೇಪರ್ ಅಡುಗೆಮನೆ ಡಬ್ಬದಲ್ಲಿ ಇಟ್ಟಿದ್ದಳು" ಅಂದರು. ಹಿಂದಿನ ರಾತ್ರಿ ಥಿಯೇಟರ್‌ನಲ್ಲಿ ನನಗೆ ಯಾಕೆ ಕಿರಿಕಿರಿ ಆಯಿತು ಅಂತ ಅಲ್ಲಿ ಗೊತ್ತಾಯಿತು.

ಅವರು ಎಲ್ಲವನ್ನೂ ಹೊಗಳಿದರು ಅಂತಲ್ಲ. ಅವರ ತಾಯಿಗೆ ಈ ಸಿನಿಮಾಗಳು ಕಂಡರೆ ಆಗುತ್ತಿರಲಿಲ್ಲ. ಹೀರೋ ಎಂದರೆ ಸೂಳೆಗಾರಿಕೆ ನಡೆಸುವವನು, ಡ್ರಗ್ಸ್ ಮಾರುವವನು, ಇದಕ್ಕೆ ನಮ್ಮ ದುಡ್ಡು ಕೊಡಬೇಕಾ ಅಂತ. ಕಪ್ಪು ಜನರ ಹಕ್ಕಿಗೆ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯವರೂ 1972ರಲ್ಲಿ ಅದನ್ನೇ ಹೇಳಿದ್ದರು. ತಮಾಷೆ ನೋಡಿ, 1928ರಲ್ಲಿ ಅದೇ ಸಂಸ್ಥೆಯ ರಾಷ್ಟ್ರೀಯ ಸಮ್ಮೇಳನ ಈ ಊರಲ್ಲಿ ಆದಾಗ ಪ್ರತಿನಿಧಿಗಳು ಇಳಿದುಕೊಂಡಿದ್ದು ಇದೇ ಕಟ್ಟಡದಲ್ಲಿ! ಲಾಭ ಬಹಳಷ್ಟು ಹೋಗಿದ್ದು ಬಿಳಿಯರ ಕಂಪನಿಗಳಿಗೆ ಅನ್ನುವುದನ್ನೂ ಅವರು ಒಪ್ಪಿದರು. "ಅದಕ್ಕೇ ರೂಡಿ ಅಂದ್ರೆ ನಂಗಿಷ್ಟ. ಸಿನಿಮಾ ಕೆಟ್ಟದು, ಸರಿ. ಆದರೆ ದುಡ್ಡು ಅವನದು."

ನನಗನಿಸಿದ್ದನ್ನೂ ಹೇಳಿದೆ. ಕರಾಟೆಗೆ ಬಂದೂಕು ಬೇಡ, ಕುದುರೆ ಬೇಡ, ಸೆಟ್ ಬೇಡ. ಕೈ ಕಾಲು ಇದ್ದರೆ ಸಾಕು. ಬಡ ನಿರ್ಮಾಪಕನಿಗೂ ಅದು ಸಾಕು, ಬಡ ಪ್ರೇಕ್ಷಕನಿಗೂ ಸಾಕು, ಸಿನಿಮಾ ಬಿಟ್ಟ ಮೇಲೆ ಮನೆವರೆಗೂ ಗಾಳಿಗೆ ಒದೀತಾ ಹೋಗಬಹುದು. "ನಾವೂ ಹಾಗೇ ಹೋಗ್ತಿದ್ವಿ" ಅಂದರು. ಅವರ ತಾಯಿ ನನ್‌ಚಾಕು, ಅಂದರೆ ಬ್ರೂಸ್ ಲೀ ಬೀಸುವ ಆ ಜೋಡಿ ಕೋಲು, ಕಿತ್ತುಕೊಂಡು ಒಲೆಗೆ ಹಾಕಿದ್ದರಂತೆ.

ಹೊರಡುವಾಗ ಕೇಳಿದರು, ನಿಮ್ಮ ಕಡೆ ಒದೆಯುವವರು ಯಾರು? ನಾನು ಫೋನ್ ತೆಗೆದು ಮಾಲಾಶ್ರೀ ಫೈಟ್ ಒಂದನ್ನು ಹಾಕಿದೆ. ಪೊಲೀಸ್ ಯೂನಿಫಾರ್ಮ್, ಲಾಠಿ, ನಾಲ್ಕು ಕಡೆಯಿಂದ ರೌಡಿಗಳು. ಅವರು ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ನೋಡಿದರು. ಹಾರಿ ಬಿದ್ದ ಒಬ್ಬ ರೌಡಿಯ ಸೊಂಟದಲ್ಲಿ ಹಗ್ಗ ಕಾಣಿಸಿತು. ನಾನು ಮುಚ್ಚಿಕೊಳ್ಳೋಕೆ ಏನೋ ಹೇಳಹೊರಟೆ, ಅವರು ಕೈ ಎತ್ತಿ ತಡೆದರು. "ಹಗ್ಗ ಬಿಡು. ಇವನು ಆಯಮ್ಮನಿಗೆ ಏನು ಮಾಡಿದ್ದ, ಅದನ್ನು ಹೇಳು."

ಅಷ್ಟರಲ್ಲಿ ನಾದಿನಿಯ ನಾಲ್ಕನೇ ಫೋನ್ ಬಂತು. ಆಮೇಲೆ ಮಾಡ್ತೀನಿ ಅಂತ ಕಟ್ ಮಾಡಿ, ಕಥೆ ಮೊದಲಿಂದ ಹೇಳೋಕೆ ಶುರು ಮಾಡಿದೆ.