ಉಪ್ಪು ನೀರಲ್ಲಿ ನಿಂತ ಮರಗಳು

ಭಾನುವಾರ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ನಡೆಸಿ ಬಂದೆ. ಇವತ್ತು ಮಂಡ್ಯದ ನಮ್ಮ ಗದ್ದೆ ಬದುವಿನ ಮೇಲೆ ಕೂತಿದ್ದರೂ ಕಣ್ಣ ಮುಂದೆ ಆ ಕಾಂಡ್ಲಾ ಕಾಡೇ ಇದೆ. ಉಪ್ಪು ನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳಿಗೆ ಕರಾವಳಿಯವರ ಹೆಸರು ಅದು, ಎಷ್ಟು ಚೆನ್ನಾಗಿದೆ ಅಲ್ವಾ?

ಗೈಡ್ ಅಣ್ಣ ಲೈಫ್ ಜಾಕೆಟ್ ಬಿಗಿ ಮಾಡಿ, "ಸಮುದ್ರದ ಭರತ ಇರುವಾಗಲೇ ಒಳಗೆ ಹೋಗ್ಬೇಕು ಮಾರಾಯ್ರೆ, ಇಳಿತ ಆದ್ರೆ ಕೆಸರಲ್ಲಿ ಸಿಕ್ಕಿ ಬೀಳ್ತೇವೆ" ಅಂದರು. ಒಳಗೆ ಹೋದ ಮೇಲೆ ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದಡದ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ಎದ್ದಿದ್ದವು, ಕೆಸರಲ್ಲಿ ಗಾಳಿ ಸಿಗುವುದಿಲ್ಲವಲ್ಲ, ಮರ ಉಸಿರಾಡುವುದೇ ಅವುಗಳಿಂದ. ಇನ್ನೊಂದು ಜಾತಿಯಲ್ಲಿ ಬೀಜ ಮರದಲ್ಲೇ ಮೊಳಕೆ ಒಡೆದು ನುಗ್ಗೆಕಾಯಿ ಥರ ನೇತಾಡುತ್ತಿತ್ತು. ಅಣ್ಣ ಪೆನ್ಸಿಲ್ ಬೇರಿನ ಮರದ ಒಂದು ಎಲೆ ಕಿತ್ತು ನೆಕ್ಕಿ ನೋಡಿ ಅಂದರು. ಉಪ್ಪು! ಬೇರು ತಡೆಯಲಾಗದ ಉಪ್ಪನ್ನು ಆ ಮರ ಎಲೆಯಿಂದ ಹೊರಗೆ ಹಾಕುತ್ತದಂತೆ.

ನನಗೆ ಆಗ ನೆನಪಾಗಿದ್ದು ನಮ್ಮ ಮೂಲೆ ಗದ್ದೆ. ನಾಲೆ ನೀರು ಜಾಸ್ತಿ ನಿಂತು ನಿಂತು ಅಲ್ಲಿ ಚೌಳು ಹಿಡಿದಿದೆ, ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟುತ್ತದೆ, ಭತ್ತ ಹಾಕಿದರೆ ಏಳುವುದಿಲ್ಲ. ಆ ಮೂಲೆ ಕೈಬಿಟ್ಟಾಗ ಅಪ್ಪ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ.

ಅಪ್ಪನಿಗೆ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿ, "ಆ ಮರ ನಮ್ಮ ಮೂಲೇಲಿ ಬೆಳೀತದಾ ಮಗ?" ಅಂದರು. ಆ ಎಲೆ ಇನ್ನೂ ನನ್ನ ಪರ್ಸಿನಲ್ಲಿದೆ.